ಕೂತರೆ ಕಾಣದಷ್ಟು ಎತ್ತರ

ರುದ್ರಾಚಾರಿ ಕೇಳಿದ್ದು ಒಂದೇ ಮಾತು: ಎಷ್ಟಡಿ?
ಆರಡಿ ಎಬ್ಬಿಸಿ, ಮೇಲೆ ಗಾಜಿನ ಚೂರು ನೆಟ್ಟರೆ
ಬೆಕ್ಕೂ ಹಾಯಲ್ಲ ಮೇಡಂ, ಅಂದ.
ನಾನು ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದು
ಹಿತ್ತಿಲ ನಡುವೆ ಹಾಕಿ ಕೂತೆ.
ದಾರ ಹಿಡಿ ಇಲ್ಲಿ,
ನನ್ನ ತುರುಬಿನ ಮೇಲೆ ನಾಲ್ಕು ಬೆರಳು ಬಿಟ್ಟು.
ನಕ್ಕ. ಹಿಡಿದ.
ನಾಲ್ಕಡಿ ಐದಿಂಚು.

ಗೋಡೆಗೊರಗಿ ಬಗ್ಗಿದರೆ ಕಾಣುತ್ತಲ್ಲ, ಅಂದ.
ಬಗ್ಗಿ ನೋಡುವವರಿಗೆ
ಯಾವ ಗೋಡೆ ಸಾಲುತ್ತೆ, ಆಚಾರಿ?

ಸಾಲಗಾಮೆ ರಸ್ತೆಯ ಹಿಂದಿನ ಅಡ್ಡರಸ್ತೆ,
ಮೂವತ್ತು ನಲವತ್ತರ ಸೈಟು.
ಮನೆ ತಿಂದು ಉಳಿಸಿದ್ದು
ಒಂಬತ್ತಡಿ ಅಗಲದ ಒಂದು ಪಟ್ಟಿ ಆಕಾಶ.
ಆಸ್ಪತ್ರೆಯಲ್ಲಿ ಹದಿನೇಳು ವರ್ಷದ ರಾತ್ರಿಪಾಳಿ;
ನನಗೆ ಬೆಳಗಾಗುವುದು ಮಧ್ಯಾಹ್ನ ಮೂರಕ್ಕೆ.
ನೈಟಿಯಲ್ಲಿ, ಕೆದರಿದ ತಲೆಯಲ್ಲಿ, ಕಾಫಿ ಲೋಟ ಹಿಡಿದು
ಹಿಂಬಾಗಿಲು ತೆಗೆದರೆ ಸಾಕು:
ಏನ್ ಸಿಸ್ಟರ್, ಈಗ ಎದ್ರಾ?
ರಜಾನಾ ಇವತ್ತು?
ಹುಷಾರಿಲ್ವಾ?
ಕೆಟ್ಟ ಮಾತಲ್ಲ ಒಂದೂ.
ಆದರೂ ಒಂದೊಂದು ಮಾತಿಗೂ
ಒಂದೊಂದು ಗುಟುಕು ಆರುತ್ತಿತ್ತು.

ಮೊದಲು ಅಲ್ಲಿದ್ದದ್ದು ದಾಸವಾಳದ ಬೇಲಿ, ನಡುವೆ ತುಕ್ಕು ತಂತಿ.
ಅದರ ಸಂದಿಯಲ್ಲಿ ಮೆಹರುನ್ನೀಸಾ ಮತ್ತು ನಾನು
ಕರಿಬೇವು, ಟಾರ್ಚು, ಒಂದು ನಡುರಾತ್ರಿ ಥರ್ಮಾಮೀಟರು
ದಾಟಿಸಿದ್ದೇವೆ.
ಬೇಲಿ ಕಿತ್ತ ದಿನ ಅವಳು
ಅಡುಗೆಮನೆ ಕಿಟಕಿ ಹಾಕಿಕೊಂಡಳು.
ಸಿಮೆಂಟಿನ ಧೂಳಿಗೆ, ಅಂದುಕೊಂಡೆ.
ಧೂಳು ಕೂತ ಮೇಲೂ ತೆಗೆಯಲಿಲ್ಲ.

ನೆಲಕ್ಕೆ ಟೈಲ್ಸ್ ಬೇಡ ಎಂದೆ.
ದುದ್ದದ ಹತ್ತಿರ ಯಾರದೋ ಅಂಗಡಿ ಕೆಡವಿದಲ್ಲಿ
ಹನ್ನೊಂದು ಚಪ್ಪಡಿ ಸಿಕ್ಕವು, ಒಂದು ಬಿರುಕು.
ಬಿರುಕಿನಲ್ಲಿ ಒಂದೆಲಗ.
ಮೂಲೆಯ ಡ್ರಮ್ಮಿನಲ್ಲಿ ಕನಕಾಂಬರ.
ಹಿತ್ತಿಲ ಗಿಡ ಮದ್ದಲ್ಲ ಅಂತಾರೆ.
ಮದ್ದಿನ ವಾಸನೆಯಲ್ಲೇ ರಾತ್ರಿ ಕಳೆಯುವವಳಿಗೆ
ಮದ್ದಲ್ಲದ್ದೇ ಬೇಕಿತ್ತು.

ಗೋಡೆ ಅಕ್ಕಪಕ್ಕಕ್ಕೆ ಉತ್ತರ ಕೊಟ್ಟೀತು, ಮೇಲಕ್ಕಲ್ಲ.
ಹಿಂದಿನ ಪಿ.ಜಿ.ಯ ಮೂರನೇ ಮಹಡಿಯಲ್ಲಿ ಐದು ಕಿಟಕಿ,
ಇಂಜಿನಿಯರಿಂಗ್ ಹುಡುಗರು.
ನಾಲ್ಕು ಪೈಪು ನಿಲ್ಲಿಸಿ, ತಂತಿ ಬಿಗಿದು
ಸೀಮೆಬದನೆ ಬಳ್ಳಿ ಹತ್ತಿಸಿದೆ.
ಅದು ಹಬ್ಬುವ ತನಕ ಒಂದು ಹಳೇ ವಾಯಿಲ್ ಸೀರೆ.
ಸೀರೆ ಕಟ್ಟಿದ ಮರುದಿನವೇ
ನಡುವಿನ ಕಿಟಕಿಯ ಗಾಜಿಗೆ ಯಾರೋ
ಒಳಗಿಂದ ದಿನಪತ್ರಿಕೆ ಅಂಟಿಸಿದ್ದ.
ಅವನಿಗೂ ಬೇಕಿತ್ತೇನೋ, ಪಾಪ.

ಆಚಾರಿಗೆ ಇನ್ನೂ ಸಾವಿರದ ನಾನೂರು ಬಾಕಿ.

ಗೋಡೆಗೆ ನೀರುಣಿಸಿ ಮುಗಿದ ಮೊದಲ ಮಂಗಳವಾರ,
ಮೂರು ಗಂಟೆ.
ನೈಟಿ. ಕಾಫಿ. ಕುರ್ಚಿ.
ಯಾರೂ ಕಾಣಲಿಲ್ಲ.
ಕಾಣದ್ದಕ್ಕೇ ಇರಬೇಕು, ಕೇಳಿಸತೊಡಗಿತು:
ಆಚೆ ಬದಿ ಕಲ್ಲಿನ ಮೇಲೆ ಬಳೆ ತೆಗೆದಿಟ್ಟ ಸದ್ದು,
ಸಿಕ್ಕಿನಲ್ಲಿ ಬಾಚಣಿಗೆ ತಡೆದು, ಮತ್ತೆ ಸರಿದ ಸದ್ದು,
ದಾರಿ ತಪ್ಪಿದ ಒಂದು ಗುನುಗು.

ಮೆಹರುನ್ನೀಸಾ ಬಿಸಿಲಿಗೆ ಕೂದಲು ಬಿಚ್ಚಿದ್ದಾಳೆ.
ಹನ್ನೊಂದು ವರ್ಷ ಅವಳ ಸೆರಗು
ಹಣೆಯಿಂದ ಜಾರಿದ್ದನ್ನು ನಾನು ಕಂಡಿಲ್ಲ.
ಬೇಲಿಯ ಸಂದಿಯಿಂದ ಕಾಣುತ್ತಿದ್ದ ಕಣ್ಣು
ನನ್ನದೂ ಒಂದು ಎಂದು
ಈವರೆಗೆ ಹೊಳೆದಿರಲಿಲ್ಲ.

ನಾಲಿಗೆ ತುದಿಗೆ ಬಂದೇಬಿಟ್ಟಿತ್ತು:
ಏನ್ ಮೆಹರೂ, ಈಗ ಬಿಡುವಾಯ್ತಾ?
ಕಾಫಿಯ ಜೊತೆ ನುಂಗಿದೆ.
ಬಿಸಿ ಇತ್ತು ಇನ್ನೂ.

ಕುರ್ಚಿ ಎಳೆಯದೆ, ಎತ್ತಿ,
ಎರಡು ಚಪ್ಪಡಿ ಈಚೆಗೆ ಇಟ್ಟುಕೊಂಡೆ.
ಎದ್ದು ನಿಂತರೆ ಮುಖ ಸಿಗುತ್ತದೆ, ಮಾತಾಡಬಹುದು;
ಅಷ್ಟಕ್ಕೇ ಅಳೆಸಿದ ಗೋಡೆ.
ಈಗ ಇಬ್ಬರೂ ಕೂತಿದ್ದೇವೆ.