ಒಂದಕ್ಕೆ ಎಂಬತ್ತೇಳು

ಯುದ್ಧ ಬಂದರೆ ಬದುಕಿಕೊಳ್ಳಲೆಂದು
ಮನೆಯಡಿ ಕಟ್ಟಿಸಿದ ಮಾಳಿಗೆ;
ಗೇಣು ದಪ್ಪದ ಬಾಗಿಲು.
ಯುದ್ಧ ಬರಲಿಲ್ಲ. ಆಲೂಗಡ್ಡೆ ಬಂತು,
ಮಕ್ಕಳಿಗೆ ಗಿಡ್ಡವಾದ ಸ್ಕೀಗಳು ಬಂದವು,
ನನಗೆ ಅರವತ್ತನಾಲ್ಕು ತುಂಬಿದ ಚಳಿಗಾಲ
ಬೆಟ್ಟ ಬಂತು.

ಬೆಟ್ಟಕ್ಕೆ ಮೊದಲು ಬೇಕಾದ್ದು ಕೋಳಿಗೂಡಿನ ಜಾಲರಿ.
ಅದರೊಳಗೆ ಉಂಡೆಗಟ್ಟಿ ತುರುಕಿದ ಹಳೇ ಪತ್ರಿಕೆ:
ಹಾಲಿನ ದರ, ಹಿಮದ ಮುನ್ಸೂಚನೆ, ಸತ್ತವರ ಪುಟ.
ಶಿಖರದ ಎಡಭುಜದೊಳಗೆ ಎಲ್ಲೋ
ನನ್ನ ಚಿಕ್ಕಮ್ಮ ಉರ್ಸಿನಾ ಇದ್ದಾಳೆ,
ಕಪ್ಪು ಚೌಕಟ್ಟಿನಲ್ಲಿ, ನಗುತ್ತ.

ಮೇಲೆ ಸುಣ್ಣಗಾರೆಯ ಪಟ್ಟಿ, ಒದ್ದೆ ಒದ್ದೆ.
ಇದು ನನಗೆ ಹೊಸದಲ್ಲ.
ಇಪ್ಪತ್ತಾರು ವರ್ಷ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಜಾರಿ ಬಿದ್ದವರ ಮೊಣಕಾಲಿಗೆ ಸುತ್ತಿದ್ದು ಇದನ್ನೇ.
ಕೈಗೆ ಗೊತ್ತು, ಎಷ್ಟು ಹೊತ್ತಿಗೆ ಬಿಗಿಯುತ್ತದೆ;
ಬಿಗಿಯುವಾಗ ಸಣ್ಣ ಜ್ವರ ಬಂದ ಹಾಗೆ
ಬೆಟ್ಟವೂ ಬೆಚ್ಚಗಾಗುತ್ತದೆ.
ಅಂಗೈ ಇಟ್ಟು ಕೂತೆ, ಇಳಿಯುವ ತನಕ.

ಬೂದು ಅನ್ನುವುದು ಒಂದು ಬಣ್ಣವಲ್ಲ.
ಕೂರ್ ಪೇಟೆಯ ಅಂಗಡಿಯವ ಕೊಟ್ಟ ಡಬ್ಬಿ
ಬಂಡೆಯಂತಲ್ಲ, ಕಚೇರಿಯ ಗೋಡೆಯಂತಿತ್ತು.
ಕೊನೆಗೆ ಮಸಿನೀರು, ಕಾಫಿಯ ಗಸಿ,
ಹಳೇ ಕಾಲುಚೀಲದಲ್ಲಿ ಸೋಸಿದ ನಮ್ಮ ಹಿತ್ತಲ ಮಣ್ಣು.
ಬಳಿದದ್ದು ಇಳಿದು ಬಿರುಕಿನಲ್ಲಿ ತಾನೇ ನಿಂತಿತು,
ನಿಜವಾದ ನೀರು ಎಲ್ಲಿ ನಿಲ್ಲುತ್ತದೋ ಅಲ್ಲೇ.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ,
ಅದು ಗಾದೆಯಲ್ಲ, ಕೆಲಸದ ವಿವರ:
ಹಿಂದಿನ ಹಲಗೆಗೆ ತಿಳಿನೀಲಿ ಸಾಕು, ಗೆರೆ ಬೇಡ;
ಮುಂದೆ ಬಂದಷ್ಟೂ ತರಚು, ಮುಳ್ಳು, ಕಲ್ಲುಪುಡಿ,
ಹಳದಿಗೆ ತಿರುಗಿದ ಲಾರ್ಚ್ ಮರಗಳಿಗೆ
ಅರಿಸಿನದ ಬಣ್ಣ ಹಾಕಿದ ಗರಗಸದ ಹೊಟ್ಟು.

ಎಲ್ಲ ಮುಗಿದ ಮೇಲೆ ಫ್ಲೂರಿನ್ ಮೆಟ್ಟಿಲಿಳಿದು ಬಂದ.
ಆಲ್ಬುಲಾ ಕಣಿವೆಯ ಹಳಿಗುಂಟ
ಮೂವತ್ತೊಂದು ವರ್ಷ ನಡೆದವನು,
ಸುತ್ತಿಗೆಯಿಂದ ಬಂಡೆ ತಟ್ಟಿ, ಕಿವಿಗೊಟ್ಟು,
ಗಟ್ಟಿ, ಸಡಿಲ, ಗಟ್ಟಿ ಎಂದು ಬರೆದುಕೊಂಡವನು.
ಒಮ್ಮೆ 'ಗಟ್ಟಿ' ಎಂದು ಬರೆದ ಬಂಡೆ
ಮೂರನೇ ದಿನ ಹಳಿಯ ಮೇಲೆ ಕೂತಿತ್ತು;
ಬೆಳಗಿನ ಗಾಡಿ ನಿಂತದ್ದು ನಲವತ್ತು ಹೆಜ್ಜೆ ಈಚೆ.
ಯಾರಿಗೂ ಏನೂ ಆಗಲಿಲ್ಲ.
ಆಮೇಲೆ ಇವನು ರೊಟ್ಟಿಯನ್ನೂ ತಟ್ಟಿ ನೋಡುತ್ತಾನೆ.

ನನ್ನ ಬೆಟ್ಟವನ್ನು ಬೆರಳ ಗೆಣ್ಣಿನಿಂದ ತಟ್ಟಿದ.
"ಟೊಳ್ಳು," ಎಂದ.
ಸುರಂಗ ಇರುವ ಬೆಟ್ಟ ಟೊಳ್ಳಿರದೆ ಮತ್ತೇನು, ಎಂದೆ.
ಮಾತಾಡದೆ ಮೇಲೆ ಹೋದ.
ಅವನ ಮೂವತ್ತೊಂದು ವರ್ಷವನ್ನು ಎಂಬತ್ತೇಳರಿಂದ ಭಾಗಿಸಿದೆ:
ನಾಲ್ಕು ತಿಂಗಳು ಚಿಲ್ಲರೆ.
ನಾನು ಕಟ್ಟಲು ತೆಗೆದುಕೊಂಡದ್ದೂ ಅಷ್ಟೇ.

ಫೆಬ್ರವರಿಯಲ್ಲಿ ಒಳಗಿನಿಂದ ಸದ್ದು.
ಗಾರೆ ಕುಗ್ಗುತ್ತಿದೆ ಅಂದುಕೊಂಡೆ ನಾನು.
ಅವನು ಕಿವಿ ಆನಿಸಿ ಬಹಳ ಹೊತ್ತು ಕೇಳಿದ,
ಮುಖದಲ್ಲಿ ಹಳೇ ನೌಕರಿ ಬಂದು ಕೂತಿತು.
"ಇದು ಬಂಡೆಯಲ್ಲ, ಜೀವ."
ಬೆಟ್ಟ ಅಗೆದು ಇಲಿ ಹಿಡಿದವರು ನಾವು,
ಅಕ್ಷರಶಃ, ಅಡುಗೆಚಾಕುವಿನಿಂದ:
ಐದು ಗುಲಾಬಿ ಮರಿ, ಕಣ್ಣು ತೆರೆದಿರದವು,
ಸಣ್ಣಗೆ ಹರಿದ ಉರ್ಸಿನಾಳ ಮೇಲೆ ಬೆಚ್ಚಗೆ.

ಹಿಟ್ಟಿನ ಅಂಟಿಗೆ ಬಂದದ್ದು, ನಿನ್ನದೇ ತಪ್ಪು, ಎಂದ.
ಆದರೂ ತೂತು ಮುಚ್ಚಬೇಡ, ಈಗಲೇ ಬೇಡ, ಎಂದ.

ವಸಂತಕ್ಕೆ ಅವು ಹೊರಟುಹೋದವು.
ತೂತಿಗೆ ಕಲ್ಲಿನ ಕಮಾನು ಕೆತ್ತಿ ಕೊಟ್ಟವನು ಅವನೇ,
ಎರಡನೇ ಸುರಂಗ, ನಕ್ಷೆಯಲ್ಲಿ ಇಲ್ಲದ್ದು.
ಅದರ ಪಕ್ಕ ಎರಡು ಸೆಂಟಿಮೀಟರಿನ ಒಬ್ಬ ಮನುಷ್ಯ:
ಕಿತ್ತಳೆ ಅಂಗಿ, ಬೆಂಕಿಕಡ್ಡಿಯ ಸುತ್ತಿಗೆ.
ನೋಡುವವರಿಗೆ ಬೆನ್ನು ಹಾಕಿ
ಬಂಡೆಗೆ ಕಿವಿ ಕೊಟ್ಟು ನಿಂತಿದ್ದಾನೆ.

ಅಲ್ಲಿ ಬಂದಾಗ ಗಾಡಿಯನ್ನು ನಿಧಾನ ಮಾಡುತ್ತೇನೆ.
ಅವನು ಇನ್ನೂ ಬರೆದುಕೊಂಡಿಲ್ಲ.