ಹನ್ನೊಂದನೆಯ ಹೆಜ್ಜೆ

ನಾನು ಗಾಲಿ ಬಡಿಯುವವನು.
ಮೂವತ್ತೊಂದು ವರ್ಷ ಗುಂತಕಲ್ ಜಂಕ್ಷನ್ನಿನಲ್ಲಿ
ಉದ್ದ ಹಿಡಿಕೆಯ ಸುತ್ತಿಗೆಯಿಂದ
ನಿಂತ ಗಾಡಿಯ ಗಾಲಿಗೊಂದು ಏಟು.
ಗಟ್ಟಿಯಿದ್ದರೆ ಠಣ್ಣೆಂದು ದನಿ ದೂರ ಹೋಗುತ್ತದೆ,
ಬಿರುಕಿದ್ದರೆ ಥಪ್ಪೆಂದು ಅಲ್ಲೇ ಕೂತುಬಿಡುತ್ತದೆ.
ನನ್ನ ಸಂಗೀತದ ಓದು ಇಷ್ಟೇ.
ಗಾರ್ಡ್ ರೆಬೇರೊ ಸಾಹೇಬರ ಪಿಟೀಲಿನ ಬಗ್ಗೆ
ನಾನು ಹೇಳುವುದನ್ನು ಅಷ್ಟಕ್ಕಷ್ಟೇ ನಂಬಿ.

ರೈಲ್ವೆ ಕಾಲೊನಿ. ಕಟ್ಟೆ ನನ್ನದು, ಕಿಟಕಿ ಅವರದು.
ಡ್ಯೂಟಿಯಿಲ್ಲದ ಸಂಜೆಯೆಲ್ಲ ಒಂದೇ ಕೃತಿ.
ಅವರ ಅಜ್ಜ ಮದರಾಸಿನ ಗುಜರಿಯಲ್ಲಿ ಆರಾಣೆಗೆ ಕೊಂಡದ್ದು.
ಮೊದಲ ಹಾಳೆ ಆಗಲೇ ಇರಲಿಲ್ಲವಂತೆ,
ಬರೆದವನ ಹೆಸರೂ ಅದರ ಜೊತೆಗೇ ಹೋಯಿತು.
"ಯಾರೂ ನುಡಿಸಲ್ಲ ಇದನ್ನ, ಗಾದಿಲಿಂಗಪ್ಪಾ.
ಬೆರಳು ಮುರಿಯುವ ಕಷ್ಟ, ಚಪ್ಪಾಳೆ ಕಮ್ಮಿ."

ಮೊದಲಿಗೆ ಒಂದು ಹಾಡು. ಹದಿನಾರೇ ಹೆಜ್ಜೆ.
ಎಷ್ಟು ಸರಳವೆಂದರೆ, ಪ್ಲಾಟ್‌ಫಾರ್ಮಿನ ಚಾ ಹುಡುಗ ಖಾದರ್‌ವಲಿ
ಎರಡನೇ ದಿನಕ್ಕೇ ಶಿಳ್ಳೆಯಲ್ಲಿ ಕದ್ದ.
ಆಮೇಲೆ ಅದೇ ಹಾಡಿಗೆ ಬೇರೆ ಬೇರೆ ವೇಷ.
ಒಂದರಲ್ಲಿ ಸ್ವರಕ್ಕೆ ನಾಲ್ಕು ಚಿಲ್ಲರೆ ಸ್ವರ,
ನೂರರ ನೋಟು ಮುರಿಸಿದ ಹಾಗೆ;
ಎಣಿಸಿ ನೋಡಿದೆ, ಮೊತ್ತ ಅಷ್ಟೇ ಇದೆ.
ಇನ್ನೊಂದರಲ್ಲಿ ಎರಡು ತಂತಿಗೆ ಒಂದೇ ಕಮಾನು:
ಬಳ್ಳಾರಿ ಪ್ಯಾಸೆಂಜರೂ ರಾಯಚೂರ ಗೂಡ್ಸೂ
ಒಟ್ಟಿಗೆ ಹೊರಟು, ಕ್ಯಾಬಿನ್ನಿನ ತನಕ ಮಾತಾಡುತ್ತ ಹೋಗಿ
ಅಲ್ಲಿ ಬೇರೆಯಾದ ಹಾಗೆ.
ಮೂರನೆಯದನ್ನು ಮೊದಲು ಕೇಳಿದಾಗ
ಒಳಗೆ ಇನ್ನೊಬ್ಬನಿದ್ದಾನೆಂದು ಎದ್ದು ಇಣುಕಿದೆ.
ಒಬ್ಬರೇ. ಬನಿಯನ್ನಿನಲ್ಲಿ.
ಬಲಗೈ ಕಮಾನು ಎಳೆಯುತ್ತಿರುವಾಗಲೇ
ಎಡಗೈ ಬೆರಳು ತಂತಿ ಮೀಟುತ್ತಿದೆ.

ನಾಲ್ಕನೆಯದು ನನಗೆ ಹಿಡಿಸಲಿಲ್ಲ, ಬರೀ ಜಂಬ.
ಹಾಗಂತ ಹೇಳಿಯೂಬಿಟ್ಟೆ.
ನಕ್ಕರು: "ಬರೆದವನಿಗೂ ಹೊಟ್ಟೆಪಾಡು ಇತ್ತಲ್ಲಯ್ಯ."

ಐದನೆಯದರಲ್ಲಿ ತಂತಿಯನ್ನು ಒತ್ತುವುದಿಲ್ಲ,
ಜ್ವರ ನೋಡುವವರು ಹಣೆ ಮುಟ್ಟಿದ ಹಾಗೆ
ಮುಟ್ಟುತ್ತಾರೆ, ಅಷ್ಟೇ.
ಮೇಲೆಲ್ಲೋ ತೆಳ್ಳಗೆ ಏಳುತ್ತದೆ ಹಾಡು,
ನೆರಳಿಗೂ ಭಾರವಿಲ್ಲದ್ದು.
ಅದರ ಹನ್ನೊಂದನೆಯ ಹೆಜ್ಜೆ
ಥಪ್.
ಹದಿನೆಂಟು ವರ್ಷ, ಪ್ರತಿ ಸಲ, ಅಲ್ಲೇ.
ನನ್ನ ಕೈ ತಾನಾಗಿ ಜೇಬಿನ ಸೀಮೆಸುಣ್ಣ ಹುಡುಕುತ್ತಿತ್ತು,
ಬಿರುಕಿಗೆ ಗುರುತು ಹಾಕಿ ಬೋಗಿ ಕಳಚಿಸುವ ಚಟ.
"ಅದೊಂದನ್ನ ಕಳಚಿಬಿಡಿ ಸಾಹೇಬ್ರೇ, ಉಳಿದದ್ದು ಓಡಲಿ."
"ಗಾರ್ಡು ಕೂರೋದು ಕೊನೇ ಬೋಗಿಯಲ್ಲಯ್ಯ.
ಎಲ್ಲಾ ಬಂದವಾ ಅಂತ ನೋಡೋದೇ ನನ್ನ ಕೆಲಸ."

ಅವರು ರಿಟೈರಾಗುವ ಹಿಂದಿನ ರಾತ್ರಿ.
ನಸುಕಿಗೆ ಇನ್ನೂ ಹೊತ್ತಿದೆ, ಕರೆಂಟಿಲ್ಲ, ಸೆಕೆ.
ಕತ್ತಲಲ್ಲಿ ಹಾಳೆ ನೋಡದೆ ನುಡಿಸುತ್ತಿದ್ದರು.
ಚಿಲ್ಲರೆ ಎಣಿಸಿದರು, ಜಂಬ ಮಾಡಿದರು,
ಹಣೆ ಮುಟ್ಟಿದರು.
ಎಂಟು. ಒಂಬತ್ತು. ಹತ್ತು.
ಹಂಪಿ ಎಕ್ಸ್‌ಪ್ರೆಸ್ಸು ಹೋಮ್ ಸಿಗ್ನಲ್ಲಿನಲ್ಲಿ
ಉದ್ದಕ್ಕೆ ಕೂಗಿತು.

ಕೂಗು ಮುಗಿದಾಗ ಹದಿಮೂರನೆಯ ಹೆಜ್ಜೆ.
ಆಮೇಲೆ ಕೊನೆಯ ವೇಷ. ಅದರಲ್ಲಿ ಹಾಡೇ ಇಲ್ಲ.
ಗಾಡಿ ಹೋದ ಮೇಲೂ ಹಳಿ
ಸ್ವಲ್ಪ ಹೊತ್ತು ಗುಂಯ್ಯೆನ್ನುತ್ತದಲ್ಲ,
ಅಷ್ಟೇ ಇರುವುದು.
ಹಾಡನ್ನು ಕೇಳುವವನೇ ತನ್ನ ತಲೆಯೊಳಗಿಂದ
ತೆಗೆದು ಇಡಬೇಕು. ಇಟ್ಟೆ.
ಇದಕ್ಕೆ ಯಾವ ಸಭೆ ಚಪ್ಪಾಳೆ ತಟ್ಟೀತು?

ಬೆಳಿಗ್ಗೆ ನಲ್ಲಿಯ ಹತ್ತಿರ, ಗಡ್ಡಕ್ಕೆ ಸೋಪಿನ ನೊರೆ ಹಾಗೇ ಇತ್ತು,
"ಕೇಳಿಸಿತೇನಯ್ಯ?" ಎಂದರು.
ಕೂಗಿನಡಿ ಏನಾಯಿತೋ ಅವರಿಗೂ ತಿಳಿದಿಲ್ಲವೆಂದು
ಆ ಮುಖ ನೋಡಿ ತಿಳಿಯಿತು.

ಬಡಿದು ಕೇಳದ ಗಾಲಿಯನ್ನು
ಮೂವತ್ತೊಂದು ವರ್ಷದಲ್ಲಿ ಒಂದನ್ನೂ ಬಿಟ್ಟವನಲ್ಲ ನಾನು.
"ಠಣ್ಣಂತು, ಸಾಹೇಬ್ರೇ" ಅಂದೆ.