ಎರಡರಿಂದ ಮೂರು

ಕೆಲಸ ಅಂತ ಏನೂ ಇಲ್ಲ, ಕೂರುವುದು.
ಪ್ಯಾಂಟು ಮೊಣಕಾಲಿಗೆ ಮಡಿಚಿ, ಚಪ್ಪಲಿ ಕಳಚಿಟ್ಟು
ಕತ್ತಲಿಗೆ ಕಾಲು ಕೊಟ್ಟು ಕೂರುವುದು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ತಿಳಿದವರು;
ನಾನು ಹಾಸಿಗೆ ಬಿಟ್ಟೆದ್ದು ಬಂದು ಚಾಚುವವನು,
ರಾತ್ರಿಗೆ ಇಷ್ಟು ಶಿಲಿಂಗು ಅಂತ.

ಬಾಯಲ್ಲಿ ರಬ್ಬರ್ ಕೊಳವೆ, ಅದರ ತುದಿಗೆ ಗಾಜು.
ಕೂತಿತು ಅನ್ನಿಸಿದ ಕೂಡಲೆ ಟಾರ್ಚು,
ಕಚ್ಚುವ ಮೊದಲೇ ಸಣ್ಣದೊಂದು ಉಸಿರು ಒಳಕ್ಕೆ.
ಸೊಳ್ಳೆ ಗಾಜಿನಲ್ಲಿ.
ನಡುವೆ ಒಂದು ಚೂರು ಬಲೆಯಿದೆ, ನುಂಗುವುದಿಲ್ಲ, ಹೆದರಬೇಡಿ.
ಆಮೇಲೆ ಮೆಲ್ಲಗೆ ಊದಿ ಕಾಗದದ ಲೋಟಕ್ಕೆ.
ಗಂಟೆಗೊಂದು ಲೋಟ.
ನಲವತ್ತೈದು ನಿಮಿಷ ಕಾಲು, ಹದಿನೈದು ನಿಮಿಷ ಚಹಾ.

ಆರು ವರ್ಷದಲ್ಲಿ ಕಾಲಿಗೇ ಕಣ್ಣು ಬಂದಿದೆ.
ಗುಂಯ್ ಎಂದು ಕಿವಿಯಲ್ಲಿ ಡಂಗುರ ಹೊಡೆಯುವುದು ಬರೀ ಬಡಾಯಿಯದು,
ಮೈ ಚಪ್ಪಟೆ ಮಾಡಿ ಕೂರುತ್ತದೆ, ಸಾಲ ಕೇಳಲು ಬಂದ ನೆಂಟನ ಹಾಗೆ.
ಇನ್ನೊಂದಿದೆ, ಸದ್ದೇ ಇಲ್ಲ.
ತಲೆ ತಗ್ಗಿಸಿ, ಹಿಂಭಾಗ ಎತ್ತಿ,
ನಮ್ಮ ಕಿಲೊಂಬೆರೊ ಬಯಲಲ್ಲಿ ಭತ್ತದ ಸಸಿ ನಾಟುವ ಹೆಂಗಸಿನ ಹಾಗೆ.
ಅದೇ ಜ್ವರದ್ದು.

ಊರವರು ನಗುತ್ತಾರೆ, ಸೆಫು ಕಾಲು ಮಾರಿ ಅಕ್ಕಿ ತರುತ್ತಾನೆ ಅಂತ.
ಮುಂಚೆಯೇ ನುಂಗಲು ನನಗೆ ಮಾತ್ರೆ ಕೊಡುತ್ತಾರೆ.
ಒಬ್ಬನಿಗೆ. ಪಟ್ಟಿಯಲ್ಲಿ ಹೆಸರಿರುವವನಿಗೆ.

ಅವತ್ತು ಎರಡರ ಲೋಟಕ್ಕೆ ಇನ್ನೂ ಒಂದೂ ಬಿದ್ದಿರಲಿಲ್ಲ.
ಪಕ್ಕದ ಮನೆಯಿಂದ ತಟು ಕೂಗಿದಳು,
ಹೆಸರು ಹಿಡಿದಲ್ಲ, ಬರೀ ಕೂಗು.
ಗಂಡ ಹೊಳೆಯಾಚೆ ಮೀನಿನ ಬಿಡಾರದಲ್ಲಿ.
ಮಗಳು ಸಿಕುಜುವಾ
(ನನಗೆ ಗೊತ್ತಿರಲಿಲ್ಲ ಅಂತ ಅರ್ಥ, ನಮ್ಮಲ್ಲಿ ಹಾಗೂ ಹೆಸರಿಡುತ್ತಾರೆ)
ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ, ಬಿಲ್ಲಿನಂತೆ ಸೆಟೆದಿದ್ದಳು.
ಪರದೆ ಇತ್ತು. ಹೊಸದೇ.
ಸೆಖೆ ಅಂತ ಒಂದು ಮೂಲೆ ಎತ್ತಿ ಸಿಕ್ಕಿಸಿತ್ತು.
ಅದಕ್ಕೆ ತಟುವನ್ನು ಬೈಯುವವರು
ಈ ತಗಡಿನ ಮಾಡಿನ ಕೆಳಗೆ
ಮಾರ್ಚಿಯ ಒಂದು ರಾತ್ರಿ ಮಲಗಿ ನೋಡಲಿ.

ಹನ್ನೊಂದು ಮೈಲಿ. ಸೈಕಲ್ಲಿಗೆ ದೀಪವಿಲ್ಲ.
ಹಿಂದೆ ಕೂತು, ಮಗುವನ್ನು ಎದೆಗೆ ಬಿಗಿದುಕೊಂಡು
ತಟು ಟಾರ್ಚು ಹಿಡಿದಳು, ಸೊಳ್ಳೆಯ ಟಾರ್ಚು.
ಮಡಿಚಿದ ಪ್ಯಾಂಟು ಮಡಿಚಿದಂತೆಯೇ ಇತ್ತು.
ಜೌಗು ಬಂದಾಗೆಲ್ಲ ಮುತ್ತಿದವು, ಕಚ್ಚಿದವು,
ಹಿಡಿಯುವ ಬಾಯಿ ಏದುಸಿರಲ್ಲಿತ್ತು.

ದಾದಿ ಮಗುವಿನ ಬೆರಳು ಚುಚ್ಚಿದಳು.
ಅದೂ ಒಂದು ಹನಿಯನ್ನೇ ಕೇಳಿತು.
ಬಿಳಿ ಪಟ್ಟಿಯಲ್ಲಿ ಒಂದು ಗೆರೆ ಬಂತು.
ಕಾದೆವು.
ಎರಡನೆಯದೂ ಬಂತು.
ಆಮೇಲೆ ಸೂಜಿ, ಬಾಟಲಿ, ಬೆಂಚು, ಕೋಳಿ ಕೂಗಿದ್ದು.

ಬೆಳಿಗ್ಗೆ ಕೊಂಬಾ ಮೇಡಂ ಲೋಟ ಎಣಿಸಿದರು:
ಹನ್ನೊಂದು, ಒಂಬತ್ತು, ಹದಿನಾಲ್ಕು.
ಮೂರಕ್ಕೆ ಪಾಳಿ ಬದಲು, ಮಷಾಕ ಬಂದು ಕೂತಿದ್ದ,
ಕುರ್ಚಿ ಯಾಕೆ ಖಾಲಿ ಅಂತ ಕೇಳದೆ.
ಎರಡರಿಂದ ಮೂರರ ಮುಂದೆ ನಾನು ಸೊನ್ನೆ ಸುತ್ತಿದ್ದೆ.
‘ಬರಲೇ ಇಲ್ಲವೆ? ಗಾಳಿಯಿತ್ತೆ?’
ಹೇಳಿದೆ.
ಪೆನ್ಸಿಲ್ಲನ್ನು ಸುಮ್ಮನೆ ತಿರುಗಿಸುತ್ತ ಕೂತರು. ಆಮೇಲೆ,
‘ಸೊನ್ನೆ ಅಂದರೆ ನೀನು ಕೂತಿದ್ದೆ, ಯಾವುದೂ ಬರಲಿಲ್ಲ ಅಂತ, ಸೆಫು.
ಕೂರದೇ ಇದ್ದದ್ದಕ್ಕೆ ಸೊನ್ನೆಯಲ್ಲ.’
ನನ್ನ ದುಂಡನೆಯದನ್ನು ಒರೆಸಿ
ಅಲ್ಲೊಂದು ಅಡ್ಡಗೆರೆ ಎಳೆದರು.
ಆ ಗಂಟೆಯ ಕಾಸು ಹಿಡಿಯಲಿಲ್ಲ.
ಹಿಡಿದಾರು ಅಂದುಕೊಂಡಿದ್ದೆ, ಅಷ್ಟೆ.

ಐದನೆಯ ದಿನ ಸಿಕುಜುವಾ
ನನ್ನ ಕಾಲಿನ ಗುಳ್ಳೆ ಎಣಿಸುತ್ತಿದ್ದಾಳೆ.
ಇಪ್ಪತ್ತರವರೆಗೆ ಬರುತ್ತದೆ ಅವಳಿಗೆ,
ಆಮೇಲೆ ಮತ್ತೆ ಒಂದರಿಂದ.
ಯಾವ ಲೋಟಕ್ಕೂ ಸೇರದವು ಇವು, ಮಗೂ.
ಅವಳಿಗದು ಕೇಳಿಸಿದಂತಿಲ್ಲ.
ಕೆರೀಬೇಡ, ಅನ್ನುತ್ತಾಳೆ.